ಲಾಟರಿಗೂ ಮುಂಚಿನ ಮುಚ್ಚಳಿಕೆ: ಎಚ್‌-1ಬಿ ವೀಸಾ ಮತ್ತು ಉದ್ಯೋಗದಾತನ ಹೊಣೆ

ಅಮೆರಿಕದ ಯಾವುದೋ ಒಂದು ಕಚೇರಿಯ ಊಟದ ಕೋಣೆ. ಕಾಫಿ ಯಂತ್ರದ ಪಕ್ಕದ ಗೋಡೆಯಲ್ಲಿ, ಕನಿಷ್ಠ ವೇತನದ ಸರ್ಕಾರಿ ಪೋಸ್ಟರಿನ ಕೆಳಗೆ, ಒಂದೆರಡು ಹಾಳೆಗಳನ್ನು ಪಿನ್ನು ಚುಚ್ಚಿ ತೂಗುಹಾಕಿರುತ್ತಾರೆ. ಇಂಥ ಹುದ್ದೆಗೆ ಎಚ್‌-1ಬಿ (ವಿಶೇಷ ಪರಿಣತಿಯ ಕೆಲಸಕ್ಕೆ ವಿದೇಶಿಯರನ್ನು ಕರೆಸಿಕೊಳ್ಳುವ ತಾತ್ಕಾಲಿಕ ವೀಸಾದ) ನೌಕರರನ್ನು ತೆಗೆದುಕೊಳ್ಳುತ್ತಿದ್ದೇವೆ, ಇಷ್ಟು ಜನ, ಇಷ್ಟು ಸಂಬಳ, ಇಂಥ ವಿಳಾಸದಲ್ಲಿ ಕೆಲಸ, ಇಷ್ಟು ಅವಧಿ, ತಕರಾರಿದ್ದವರು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು ಎಂಬುದು ಅದರ ಒಕ್ಕಣೆ. ಕೆಲಸದ ಜಾಗದಲ್ಲಿ ಕಣ್ಣಿಗೆ ಬೀಳುವಂಥ ಎರಡು ಕಡೆ, ಹತ್ತು ದಿನ ಅದು ಇರಬೇಕೆಂಬುದು ನಿಯಮ. ಆ ಹತ್ತು ದಿನದಲ್ಲಿ ಅದನ್ನು ಓದುವವರು ಎಷ್ಟು ಜನವೋ ದೇವರೇ ಬಲ್ಲ. ಬೆಂಗಳೂರಿನ ಐಟಿ ಕಚೇರಿಗಳ ಕ್ಯಾಂಟೀನುಗಳಲ್ಲಿ ಎಚ್‌-1ಬಿ ಮಾತು ಬಂದರೆ ಲಾಟರಿ ಬರುತ್ತದೆ, ಪಾಸ್‌ಪೋರ್ಟಿಗೆ ವೀಸಾ ಹಚ್ಚಿಸುವ ಸ್ಟಾಂಪಿಂಗ್‌ ಬರುತ್ತದೆ, 2025ರ ಸೆಪ್ಟೆಂಬರ್‌ ನಂತರ ಒಂದು ಲಕ್ಷ ಡಾಲರಿನ ಶುಲ್ಕದ ಸುದ್ದಿಯೂ ಬರುತ್ತದೆ. ಗೋಡೆಯ ಮೇಲಿನ ಆ ಹಾಳೆ ಮಾತ್ರ ಬರುವುದಿಲ್ಲ. ಆದರೆ ಈ ವೀಸಾದ ಕಾನೂನು ನಿಂತಿರುವುದೇ ಆ ಹಾಳೆಯ ಮೇಲೆ. ಎಷ್ಟು ಜನ ಬರಬಹುದು ಎಂಬ ಮಿತಿಗಿಂತ, ಬಂದವರನ್ನು ಹೇಗೆ ನಡೆಸಿಕೊಳ್ಳುತ್ತೇನೆಂದು ಉದ್ಯೋಗದಾತ ಬರೆದುಕೊಟ್ಟ ಮಾತೇ ಇಲ್ಲಿ ದೊಡ್ಡದು. ಆ ಮಾತನ್ನು ಯಾರು, ಯಾವಾಗ, ಹೇಗೆ ಪರಿಶೀಲಿಸುತ್ತಾರೆ ಎಂಬಲ್ಲೇ ವ್ಯವಸ್ಥೆಯ ಸಡಿಲ ಇರುವುದು.

ಮೊದಲು ಮಿತಿಯ ಕಥೆಯನ್ನು ಬೇಗ ಮುಗಿಸೋಣ. 1990ರ ವಲಸೆ ಕಾಯ್ದೆ ಎಚ್‌-1ಬಿಯನ್ನು ಹುಟ್ಟುಹಾಕಿದಾಗ ವರ್ಷಕ್ಕೆ 65,000 ಎಂಬ ಮಿತಿಯನ್ನೂ ಇಟ್ಟಿತು. ಐಟಿ ಉಬ್ಬರದ ಕಾಲದಲ್ಲಿ, 1998ರ ಕಾಯ್ದೆಯಿಂದ ಅದು 1,15,000 ಆಯಿತು. 2001ರಿಂದ 2003ರವರೆಗಿನ ಮೂರು ಹಣಕಾಸು ವರ್ಷಗಳಿಗೆ 1,95,000ಕ್ಕೆ ಏರಿತು. ಕಾಯ್ದೆಯ ಗಡುವು ಮುಗಿದೊಡನೆ ಮತ್ತೆ 65,000ಕ್ಕೇ ಇಳಿಯಿತು. 2004ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೆಂದು 20,000 ಸೇರಿಸಿದರು. ಮೂಲ ಮಿತಿಯೊಳಗಿನ 6,800 ವೀಸಾಗಳು ಚಿಲಿ ಮತ್ತು ಸಿಂಗಪುರದ ಪ್ರಜೆಗಳಿಗೆ ಮೀಸಲು. ವಿಶ್ವವಿದ್ಯಾಲಯಗಳು, ಅವುಗಳಿಗೆ ಸೇರಿದ ಲಾಭರಹಿತ ಸಂಸ್ಥೆಗಳು, ಸರ್ಕಾರಿ ಸಂಶೋಧನಾ ಸಂಸ್ಥೆಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಇಂಟರ್‌ನೆಟ್ಟು ಮನೆಮನೆಗೆ ಬರುವುದಕ್ಕೂ ಮುಂಚೆ ಹಾಕಿದ ಅಂಕಿಯೊಂದು ಇಂದಿಗೂ ಹಾಗೇ ನಿಂತಿರುವುದಕ್ಕೆ ಆರ್ಥಿಕ ಕಾರಣ ಹುಡುಕಿ ಫಲವಿಲ್ಲ. ಅದನ್ನು ಏರಿಸುವ ಬಹುಮತವೂ ಇಳಿಸುವ ಬಹುಮತವೂ ಅಮೆರಿಕದ ಸಂಸತ್ತಿನಲ್ಲಿ ಒಟ್ಟಾಗಲಿಲ್ಲ, ಅಷ್ಟೆ.

ಬೇಡಿಕೆ ಮಿತಿಯನ್ನು ಮೀರಿದಾಗ ಬಂದದ್ದು ಲಾಟರಿ. 2020ರಿಂದ ಅದು ಆನ್‌ಲೈನ್‌ ನೋಂದಣಿಗೆ ತಿರುಗಿತು, ನೋಂದಣಿ ಶುಲ್ಕ ಬರೀ 10 ಡಾಲರ್‌. ಹತ್ತು ಡಾಲರಿಗೆ ಲಾಟರಿ ಚೀಟಿ ಸಿಗುವಾಗ ಒಬ್ಬನ ಹೆಸರಿನಲ್ಲಿ ನಾಲ್ಕಾರು ಕಂಪನಿಗಳಿಂದ ಚೀಟಿ ಹಾಕಿಸುವ ಜಾಣತನ ಹುಟ್ಟದಿದ್ದರೆ ಆಶ್ಚರ್ಯವಾಗಬೇಕಿತ್ತು. 2023ರ ಮಾರ್ಚ್‌ನಲ್ಲಿ, ಅಂದರೆ 2024ರ ಹಣಕಾಸು ವರ್ಷಕ್ಕೆ, ಬಂದ 7,58,994 ಅರ್ಹ ನೋಂದಣಿಗಳ ಪೈಕಿ 4,08,891 ನೋಂದಣಿಗಳು ಒಂದಕ್ಕಿಂತ ಹೆಚ್ಚು ಬಾರಿ ಹೆಸರು ಹಾಕಿಸಿಕೊಂಡವರವು. ಮರುವರ್ಷ ನಿಯಮ ಬದಲಾಯಿತು. ಎಷ್ಟು ಕಂಪನಿ ಹೆಸರು ಕೊಟ್ಟರೂ ಪಾಸ್‌ಪೋರ್ಟಿನ ಆಧಾರದ ಮೇಲೆ ಒಬ್ಬನಿಗೆ ಒಂದೇ ಅವಕಾಶ ಎಂದಾಯಿತು. ಅರ್ಹ ನೋಂದಣಿಗಳು 4,70,342ಕ್ಕೆ ಇಳಿದವು. 2025ರಲ್ಲಿ ಶುಲ್ಕವನ್ನು 215 ಡಾಲರಿಗೆ ಏರಿಸಿದಾಗ ಇನ್ನೂ ಇಳಿದು 3,43,981 ಆದವು. ‘ಬೇಡಿಕೆ’ ಎಂದು ನಾವು ಓದುತ್ತಿದ್ದ ಅಂಕಿಗಳಲ್ಲಿ ಎಷ್ಟು ಭಾಗ ನಿಜವಾದ ಬೇಡಿಕೆ, ಎಷ್ಟು ಭಾಗ ಚೀಟಿಯ ಅಗ್ಗದ ಬೆಲೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಹಾಳೆಯ ವಿಷಯ. ಗೋಡೆಯ ಹಾಳೆ ಸಾರುವುದು ಉದ್ಯೋಗದಾತ ಕಾರ್ಮಿಕ ಇಲಾಖೆಗೆ ಕೊಡುವ ಒಂದು ಅರ್ಜಿಯನ್ನು, ಎಲ್ಲರೂ ಅದನ್ನು ಎಲ್‌ಸಿಎ (ಲೇಬರ್‌ ಕಂಡಿಷನ್‌ ಅಪ್ಲಿಕೇಶನ್‌) ಎನ್ನುತ್ತಾರೆ. ಹೆಸರಿಗೆ ಅರ್ಜಿಯಾದರೂ ಅದೊಂದು ಮುಚ್ಚಳಿಕೆ. ನಮ್ಮ ಪೊಲೀಸ್‌ ಠಾಣೆಗಳು ಆ ಪದಕ್ಕೆ ಕೆಟ್ಟ ಹೆಸರು ತಂದಿವೆ ನಿಜ, ಆದರೂ ಇದಕ್ಕೆ ಅಷ್ಟು ಒಪ್ಪುವ ಬೇರೆ ಕನ್ನಡ ಪದ ನನಗೆ ಹೊಳೆಯುತ್ತಿಲ್ಲ. ಉದ್ಯೋಗದಾತ ಅದರಲ್ಲಿ ನಾಲ್ಕು ಮಾತು ಕೊಡುತ್ತಾನೆ. ಅದೇ ಕೆಲಸಕ್ಕೆ ತನ್ನ ಕಚೇರಿಯಲ್ಲಿ ಬೇರೆಯವರಿಗೆ ಕೊಡುವ ಸಂಬಳ ಮತ್ತು ಆ ಪ್ರದೇಶದಲ್ಲಿ ಆ ವೃತ್ತಿಗೆ ಇರುವ ಪ್ರಚಲಿತ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುತ್ತೇನೆ. ವಿದೇಶಿ ನೌಕರನ ನೇಮಕದಿಂದ ಸ್ಥಳೀಯರ ಕೆಲಸದ ಪರಿಸ್ಥಿತಿ ಕೆಡದಂತೆ ನೋಡಿಕೊಳ್ಳುತ್ತೇನೆ. ಮುಷ್ಕರ, ಬೀಗಮುದ್ರೆ ನಡೆಯುತ್ತಿರುವ ಜಾಗಕ್ಕೆ ಕರೆಸಿಕೊಳ್ಳುತ್ತಿಲ್ಲ. ಈ ನೇಮಕದ ಬಗ್ಗೆ ಈಗಿರುವ ನೌಕರರಿಗೆ ತಿಳಿಸಿದ್ದೇನೆ. ಇಲಾಖೆ ಇದನ್ನು ಏಳು ಕೆಲಸದ ದಿನಗಳಲ್ಲಿ ದೃಢೀಕರಿಸಬೇಕು. ಆ ಏಳು ದಿನದಲ್ಲಿ ಅದು ನೋಡಬಹುದಾದದ್ದು ಅರ್ಜಿ ಅಪೂರ್ಣವಾಗಿದೆಯೇ, ಕಣ್ಣಿಗೆ ರಾಚುವ ತಪ್ಪಿದೆಯೇ ಎಂಬುದನ್ನು ಮಾತ್ರ. ಕೊಟ್ಟ ಮಾತು ನಿಜವೇ ಎಂದು ಆ ಹಂತದಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಅಧಿಕಾರವನ್ನು ಕಾನೂನೇ ಕೊಟ್ಟಿಲ್ಲ.

ಇದನ್ನು ಲೋಪವೆಂದು ಬೈಯುವ ಮುಂಚೆ ಅದರ ಹಿಂದಿನ ಲೆಕ್ಕಾಚಾರ ತಿಳಿಯಬೇಕು. ಮೊದಲೇ ಎಲ್ಲವನ್ನೂ ತನಿಖೆ ಮಾಡುತ್ತ ಕುಳಿತರೆ ಒಂದು ನೇಮಕಕ್ಕೆ ವರ್ಷ ಹಿಡಿಯುತ್ತದೆ, ಗ್ರೀನ್‌ ಕಾರ್ಡಿನ ಹಾದಿಯಲ್ಲಿ ಆಗುತ್ತಿರುವುದೂ ಅದೇ. ಆದ್ದರಿಂದ ಮೊದಲು ನಂಬು, ಆಮೇಲೆ ತಪ್ಪು ಸಿಕ್ಕರೆ ಶಿಕ್ಷಿಸು ಎಂಬ ದಾರಿ ಹಿಡಿದರು. ಹೀಗೆ ನಂಬುವ ವ್ಯವಸ್ಥೆ ನಡೆಯಬೇಕಾದರೆ ಕಾಗದಪತ್ರ ಸರಿಯಾಗಿರಬೇಕು. ಹಾಗಾಗಿ ಉದ್ಯೋಗದಾತ ಎಲ್‌ಸಿಎ ಸಲ್ಲಿಸಿದ ಒಂದು ಕೆಲಸದ ದಿನದೊಳಗೆ ಸಾರ್ವಜನಿಕರು ನೋಡಬಹುದಾದ ಒಂದು ಕಡತ ತೆರೆಯಬೇಕು. ಎಲ್‌ಸಿಎಯ ಪ್ರತಿ, ಕೊಡುವ ಸಂಬಳ, ಆ ಸಂಬಳ ನಿರ್ಧರಿಸಿದ ಬಗೆ, ಪ್ರಚಲಿತ ವೇತನದ ಆಧಾರ, ಗೋಡೆಗೆ ಹಚ್ಚಿದ ನೋಟಿಸು ಯಾವಾಗ ಎಲ್ಲಿ ಇತ್ತೆಂಬ ದಾಖಲೆ, ಸವಲತ್ತುಗಳ ಸಾರಾಂಶ ಅದರಲ್ಲಿರಬೇಕು. ಆ ಎಲ್‌ಸಿಎ ಅಡಿಯಲ್ಲಿ ಕೊನೆಯ ನೌಕರ ಕೆಲಸ ಬಿಟ್ಟು ಒಂದು ವರ್ಷದವರೆಗೂ ಅದನ್ನು ಕಾಪಾಡಬೇಕು. ವೇತನದ ದಾಖಲೆಗಳನ್ನು ಮೂರು ವರ್ಷ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು ಆ ಕಡತ ತೋರಿಸಿ ಎನ್ನಬಹುದು, ಕಾರಣ ಹೇಳಬೇಕಿಲ್ಲ. ದೊಡ್ಡ ಕಂಪನಿಗಳು ಇದಕ್ಕೆಂದೇ ವಕೀಲರ ಪಡೆ ಇಟ್ಟುಕೊಂಡಿರುತ್ತವೆ. ಹತ್ತು ಹದಿನೈದು ಜನರ ಕಂಪನಿಗಳು ಎಡವುವುದು ಬಹುಮಟ್ಟಿಗೆ ಇಲ್ಲೇ. ಅಲ್ಲಿ ಮೋಸದ ಉದ್ದೇಶ ಇರಬೇಕೆಂದೇನಿಲ್ಲ, ಕಡತ ಇಡಬೇಕೆಂದು ಯಾರೂ ಹೇಳಿರುವುದಿಲ್ಲ.

ಪ್ರಚಲಿತ ವೇತನ ಎಂಬ ಮಾತಿನೊಳಗೂ ಒಂದು ಜಾಣ್ಮೆ ಅಡಗಿದೆ. ಹೆಸರು ಕೇಳಿದರೆ ಮಾರುಕಟ್ಟೆಯ ಸರಾಸರಿ ಸಂಬಳ ಅನ್ನಿಸುತ್ತದೆ. ಆದರೆ ಕಾರ್ಮಿಕ ಇಲಾಖೆ ಪ್ರತಿ ವೃತ್ತಿಗೂ ಪ್ರತಿ ಪ್ರದೇಶಕ್ಕೂ ನಾಲ್ಕು ಹಂತ ಮಾಡಿದೆ. ಆ ವೃತ್ತಿಯ ನೂರು ಜನರನ್ನು ಸಂಬಳದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಮೊದಲ ಹಂತ ಸುಮಾರಾಗಿ 17ನೆಯವನ ಸಂಬಳ, ಎರಡನೆಯದು 34ನೆಯವನದು, ಮೂರನೆಯದು 50, ನಾಲ್ಕನೆಯದು 67. ಅಂದರೆ ಮೊದಲ ಎರಡು ಹಂತಗಳಲ್ಲಿ ಕಾನೂನನ್ನು ಚಾಚೂತಪ್ಪದೆ ಪಾಲಿಸಿದರೂ ಆ ಊರಿನ ನಡು ಸಂಬಳಕ್ಕಿಂತ ಕಡಿಮೆಗೆ ಆಳು ಸಿಗುತ್ತದೆ. ಹೊಸಬನಿಗೆ ಕಡಿಮೆ ಸಂಬಳ ಸಹಜವೇ. ಆದರೆ ಎಂಟು ವರ್ಷದ ಅನುಭವಿಯನ್ನು ಕಾಗದದ ಮೇಲೆ ಹೊಸಬನನ್ನಾಗಿ ಮಾಡಿದರೆ ಅದು ಸಹಜವಲ್ಲ. 2020ರ ಅಕ್ಟೋಬರ್‌ನಲ್ಲಿ ಟ್ರಂಪ್‌ ಆಡಳಿತ ಈ ಹಂತಗಳನ್ನು ಒಮ್ಮೆಲೇ 45ರಿಂದ 95ರವರೆಗೆ ಏರಿಸಿತು. ಸಾರ್ವಜನಿಕರ ಅಭಿಪ್ರಾಯ ಕೇಳದೆ ಆತುರ ಮಾಡಿದ್ದಕ್ಕಾಗಿ ನ್ಯಾಯಾಲಯಗಳು ಅದನ್ನು ಡಿಸೆಂಬರ್‌ನಲ್ಲೇ ತಳ್ಳಿಹಾಕಿದವು. ಸಂಬಳವನ್ನೇ ಜರಡಿಯಾಗಿ ಬಳಸುವುದು ಅಮೆರಿಕದ ವಿಶೇಷವೇನಲ್ಲ. ಭಾರತಕ್ಕೆ ಉದ್ಯೋಗ ವೀಸಾದಲ್ಲಿ ಬರುವ ವಿದೇಶಿಯರಿಗೂ, ಕೆಲವು ವಿನಾಯಿತಿ ಬಿಟ್ಟರೆ, ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿನ ಸಂಬಳ ಇರಬೇಕೆಂಬ ನಿಯಮವಿದೆ.

ಈ ಹಂತಗಳೇ ಈಗ ಲಾಟರಿಯೊಳಕ್ಕೂ ಬಂದಿವೆ. 2025ರ ಡಿಸೆಂಬರ್‌ ಕೊನೆಯಲ್ಲಿ ಪ್ರಕಟವಾಗಿ 2026ರ ಫೆಬ್ರುವರಿ 27ರಿಂದ ಜಾರಿಗೆ ಬಂದ ನಿಯಮದಂತೆ, ನಾಲ್ಕನೆಯ ಹಂತದ ಸಂಬಳಕ್ಕೆ ನಾಲ್ಕು ಚೀಟಿ, ಮೂರಕ್ಕೆ ಮೂರು, ಎರಡಕ್ಕೆ ಎರಡು, ಮೊದಲ ಹಂತಕ್ಕೆ ಒಂದೇ. ಮೊದಲ ಹಂತದವರು ಆಯ್ಕೆಯಾಗುವ ಸಾಧ್ಯತೆ ನೂರಕ್ಕೆ ಸುಮಾರು 15, ನಾಲ್ಕನೆಯ ಹಂತದವರದು ಸುಮಾರು 61 ಎಂದು ವಲಸೆ ಇಲಾಖೆಯೇ ಅಂದಾಜು ಮಾಡಿದೆ. ಇದನ್ನು ನ್ಯಾಯವೆನ್ನುವವರಿದ್ದಾರೆ, ಓದು ಮುಗಿಸಿದ ಎಳೆಯರ ಮೇಲಿನ ಅನ್ಯಾಯವೆನ್ನುವವರೂ ಇದ್ದಾರೆ. ನನ್ನ ಗಮನ ಹೋಗುವುದು ಇನ್ನೊಂದು ಕಡೆ. ಹಂತ ನಿಗದಿಯಾಗುವುದು ಊರಿನ ಮೇಲೆ. ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಕೆಳಹಂತಕ್ಕೆ ಸೇರುವ ಅದೇ ಡಾಲರ್‌ ಸಂಬಳ, ಬಾಡಿಗೆ ಕಡಿಮೆಯಿರುವ ಒಳನಾಡಿನ ಪಟ್ಟಣದಲ್ಲಿ ಮೇಲಿನ ಹಂತವಾಗುತ್ತದೆ. ಒಬ್ಬನೇ ಮನುಷ್ಯ, ಒಂದೇ ಕೆಲಸ, ಒಂದೇ ಸಂಬಳ. ವಿಳಾಸ ಬದಲಾಯಿಸಿದರೆ ಚೀಟಿಗಳು ಹೆಚ್ಚು. ಹಿಂದೆ ಒಬ್ಬನಿಗೆ ಹತ್ತು ಕಂಪನಿಗಳಿಂದ ಚೀಟಿ ಹಾಕಿಸಿದ ಬುದ್ಧಿ ಈಗ ವಿಳಾಸದ ಕಡೆ ತಿರುಗುವುದಿಲ್ಲವೆಂದು ನಂಬಲು ನನಗೆ ಕಾರಣವಿಲ್ಲ. ಅವಕಾಶ ಹೆಚ್ಚಿಸಿಕೊಳ್ಳಲೆಂದೇ ಹೀಗೆ ಮಾಡಿದ್ದು ಕಂಡರೆ ಅರ್ಜಿಯನ್ನು ತಿರಸ್ಕರಿಸುವ, ಮಂಜೂರಾದದ್ದನ್ನೂ ರದ್ದುಮಾಡುವ ಅಧಿಕಾರವನ್ನು ವಲಸೆ ಇಲಾಖೆ ನಿಯಮದಲ್ಲೇ ಇಟ್ಟುಕೊಂಡಿದೆ. ಅಲ್ಲಿಗೆ, ಕೆಲಸದ ಸ್ಥಳ ಎಂಬ ಒಂದು ಸಾಲಿನ ಮಾಹಿತಿಯ ಮೇಲೆ ಹಿಂದೆಂದೂ ಇಲ್ಲದ ಭಾರ ಬಿದ್ದಂತಾಯಿತು.

ಆ ಸಾಲಿಗೆ ಮೊದಲೂ ತೂಕವಿತ್ತು. 2015ರ ಸಿಮಿಯೊ ಸಲ್ಯೂಷನ್ಸ್‌ ಪ್ರಕರಣದ ತೀರ್ಪಿನ ನಂತರ, ನೌಕರ ಒಂದು ಮಹಾನಗರ ವ್ಯಾಪ್ತಿ ದಾಟಿ ಇನ್ನೊಂದಕ್ಕೆ ಹೋದರೆ ಹೊಸ ಎಲ್‌ಸಿಎ ಪಡೆದು ತಿದ್ದುಪಡಿ ಅರ್ಜಿ ಹಾಕಲೇಬೇಕು. ಕ್ಲೈಂಟ್‌ ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಬಾ ಎಂದ ಕೂಡಲೆ ಬ್ಯಾಗು ಹೆಗಲಿಗೇರಿಸಿ ಹೊರಡುವ ನಮ್ಮ ಸೇವಾ ಕಂಪನಿಗಳ ಕಾರ್ಯಶೈಲಿಗೆ ಈ ತೀರ್ಪು ಹಾಕಿದ ಕಡಿವಾಣ ಸಣ್ಣದಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೂ ಇದು ಅನ್ವಯವಾಗುತ್ತದೆ. ಬಾಡಿಗೆ ಕಡಿಮೆಯೆಂದು ಪಕ್ಕದ ರಾಜ್ಯದಲ್ಲಿ ಮನೆ ಮಾಡಿ ಎಚ್‌ಆರ್‌ಗೆ ತಿಳಿಸದೆ ಕುಳಿತವನು ತನಗೆ ಅರಿವಿಲ್ಲದೆಯೇ ಕಂಪನಿಯನ್ನೂ ತನ್ನ ಸ್ಟೇಟಸ್ಸನ್ನೂ (ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇರುವ ಹಕ್ಕನ್ನು) ತೊಂದರೆಗೆ ಸಿಕ್ಕಿಸಿರುತ್ತಾನೆ.

ಬೆಂಚಿನ, ಅಂದರೆ ಪ್ರಾಜೆಕ್ಟಿಲ್ಲದೆ ನೌಕರನನ್ನು ಕಾಯಿಸಿ ಕೂರಿಸುವ ವಿಷಯಕ್ಕೆ ಬರುತ್ತೇನೆ. ಒಂದು ಸಂದರ್ಭ ಊಹಿಸಿಕೊಳ್ಳಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್‌ ಓದಿದ ಹುಡುಗನೊಬ್ಬ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದಿಳಿಯುತ್ತಾನೆ. ಕನ್ಸಲ್ಟಿಂಗ್‌ ಕಂಪನಿಯ ಗೆಸ್ಟ್‌ಹೌಸಿನಲ್ಲಿ ಒಂದು ಕೋಣೆಗೆ ಮೂವರು. ಬರಬೇಕಾಗಿದ್ದ ಪ್ರಾಜೆಕ್ಟು ಮುಂದಕ್ಕೆ ಹೋಗಿದೆ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ, ಆಮೇಲೆ ಫೋನ್‌ ಸಂದರ್ಶನ, ಸಂಜೆ ಮತ್ತೊಂದು ಸಂದರ್ಶನ. ಸಂಬಳದ ಮಾತೆತ್ತಿದರೆ ‘ಪ್ರಾಜೆಕ್ಟ್‌ ಶುರುವಾದ ದಿನದಿಂದ ಪೇರೋಲ್‌’ ಎನ್ನುತ್ತಾರೆ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. ಅವನು ದೇಶಕ್ಕೆ ಕಾಲಿಟ್ಟ 30 ದಿನದೊಳಗೆ, ಅಲ್ಲೇ ಇದ್ದು ಸ್ಟೇಟಸ್‌ ಬದಲಿಸಿಕೊಂಡವನಾದರೆ 60 ದಿನದೊಳಗೆ, ಕೆಲಸ ಇರಲಿ ಬಿಡಲಿ ಎಲ್‌ಸಿಎಯಲ್ಲಿ ಬರೆದ ಸಂಬಳ ಶುರುವಾಗಲೇಬೇಕು. ನೌಕರ ತಾನಾಗಿ ರಜೆ ಕೇಳಿದ್ದರೆ ಅಥವಾ ಕಾಯಿಲೆ ಬಿದ್ದಿದ್ದರೆ ಮಾತ್ರ ವಿನಾಯಿತಿ. ಪ್ರಾಜೆಕ್ಟ್‌ ಸಿಗದಿರುವುದು ಉದ್ಯೋಗದಾತನ ಕಷ್ಟ, ನೌಕರನದಲ್ಲ.

ಅದೇ ಹುಡುಗನಿಂದ ವೀಸಾ ಖರ್ಚೆಂದು ಹಣ ವಸೂಲಿ ಮಾಡಿದ್ದರೆ ಅದೂ ತಪ್ಪು. ತರಬೇತಿ ನಿಧಿಗೆಂದು ಕೊಡುವ 750 ಅಥವಾ 1,500 ಡಾಲರಿನ ಶುಲ್ಕವನ್ನು ಯಾವ ರೂಪದಲ್ಲೂ ನೌಕರನ ಮೇಲೆ ಹಾಕುವಂತಿಲ್ಲ. ಅರ್ಜಿ ಹಾಕಿದ ವಕೀಲರ ಫೀಸು ಕಂಪನಿಯ ವ್ಯಾವಹಾರಿಕ ಖರ್ಚು. ಅದನ್ನು ಮುರಿದುಕೊಂಡು ಸಂಬಳವನ್ನು ನಿಗದಿತ ಮಟ್ಟಕ್ಕಿಂತ ಕೆಳಗಿಳಿಸುವಂತಿಲ್ಲ. ಮಧ್ಯದಲ್ಲಿ ಬಿಟ್ಟುಹೋದರೆ ದಂಡ ಕಟ್ಟಬೇಕೆಂಬ ನಮ್ಮ ಕಡೆಯ ‘ಬಾಂಡ್‌’ ಪದ್ಧತಿಗೂ ಅಲ್ಲಿ ಜಾಗವಿಲ್ಲ. ಕಂಪನಿಗೆ ನಿಜವಾಗಿ ಆದ ನಷ್ಟಕ್ಕೆ ಮೊದಲೇ ಒಪ್ಪಿಕೊಂಡ ನ್ಯಾಯವಾದ ಪರಿಹಾರ ಬೇರೆ, ಶಿಕ್ಷೆಯ ದಂಡ ಬೇರೆ ಎಂದು ಕಾನೂನು ಗೆರೆ ಎಳೆದಿದೆ.

ಇಷ್ಟೆಲ್ಲ ರಕ್ಷಣೆಯಿದ್ದೂ ಹುಡುಗ ದೂರು ಕೊಡುವುದಿಲ್ಲ. ದೂರಿಗೊಂದು ನಮೂನೆ ಇದೆ, ತಪ್ಪು ನಡೆದ 12 ತಿಂಗಳೊಳಗೆ ಕೊಡಬೇಕು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು ನಿಷಿದ್ಧ. ಆದರೆ ಅವನ ಸ್ಟೇಟಸ್ಸು ಇರುವುದು ಅದೇ ಉದ್ಯೋಗದಾತನ ಅರ್ಜಿಯ ಮೇಲೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದಲ್ಲಿ ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಗ್ರೀನ್‌ ಕಾರ್ಡಿನ ಸರದಿಯಲ್ಲಿ ನಿಂತವನ ಪಾಡು ಇನ್ನೂ ಬಿಗಿ. ಯಾವೊಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಸಿಗದಂಥ ಹಂಚಿಕೆಯಲ್ಲಿ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ, ಆ ಸಾಲಿನಲ್ಲಿ ಇರುವವರೆಗೆ ಉದ್ಯೋಗದಾತನೊಡನೆ ಜಗಳ ಯಾರಿಗೆ ಬೇಕು? ಮಂಜೂರಾಗುವ ಎಚ್‌-1ಬಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭಾರತೀಯರವೇ ಆಗಿರುವಾಗ, ಈ ಮೌನವೂ ಬಹುಪಾಲು ನಮ್ಮವರದೇ. ತಪ್ಪನ್ನು ದೂರಿನಿಂದಲೇ ಹಿಡಿಯಬೇಕೆಂದು ಹೊರಟ ಕಾನೂನು, ದೂರು ಕೊಡಬೇಕಾದವನ ಬಾಯಿಯನ್ನೇ ಕಟ್ಟಿಹಾಕಿದೆ. ಈ ವೀಸಾದ ಮೂಲ ದೋಷ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಅಮೆರಿಕದ ಸಂಸತ್ತಿಗೆ ಇದರ ಸುಳಿವು 1998ರಲ್ಲೇ ಇತ್ತು. 51 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ನೂರಕ್ಕೆ 15 ಅಥವಾ ಅದಕ್ಕೂ ಹೆಚ್ಚು ಜನ ಎಚ್‌-1ಬಿಯವರಾದರೆ ಅದು ‘ಅವಲಂಬಿತ’ ಉದ್ಯೋಗದಾತ. ಅಂಥ ಕಂಪನಿ, ಸ್ಥಳೀಯರನ್ನು ಹುಡುಕಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದೇನೆ, ಅರ್ಜಿಯ ಹಿಂದುಮುಂದಿನ 90 ದಿನಗಳಲ್ಲಿ ಅಮೆರಿಕದ ನೌಕರರನ್ನು ಕೆಲಸದಿಂದ ಕದಲಿಸುವುದಿಲ್ಲ ಎಂದೂ ಮುಚ್ಚಳಿಕೆ ಬರೆದುಕೊಡಬೇಕು. ಕೇಳಲು ಗಟ್ಟಿ ನಿಯಮ. ಆದರೆ ಆ ನೌಕರನಿಗೆ ಸ್ನಾತಕೋತ್ತರ ಪದವಿ ಇದ್ದರೆ ಅಥವಾ ವರ್ಷಕ್ಕೆ 60,000 ಡಾಲರ್‌ ಸಂಬಳವಿದ್ದರೆ ಈ ಹೆಚ್ಚುವರಿ ಮಾತು ಅವನಿಗೆ ಅನ್ವಯಿಸುವುದಿಲ್ಲ. 1998ರಲ್ಲಿ 60,000 ಡಾಲರ್‌ ದೊಡ್ಡ ಸಂಬಳ. ಇಂದಿಗೂ ಅಂಕಿ ಅದೇ. ಕಾನೂನಿನಲ್ಲಿ ಮರೆತುಬಿಟ್ಟ ಒಂದು ಅಂಕಿ ಇಡೀ ನಿಯಮವನ್ನು ಹೇಗೆ ಟೊಳ್ಳು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮುಂಬಾಗಿಲು ಕಿರಿದಾದಾಗ ಪಕ್ಕದ ಬಾಗಿಲುಗಳ ಮೇಲೆ ಒತ್ತಡ ಬೀಳುವುದೂ ಇದೆ. ಬೆಂಗಳೂರಿನ ಇನ್ಫೋಸಿಸ್‌ 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಸರ್ಕಾರದೊಂದಿಗೆ 3.4 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡದ್ದು ಇದೇ ಕಾರಣಕ್ಕೆ ನೆನಪಾಗುತ್ತದೆ. ಸಭೆ, ಮಾತುಕತೆಗೆಂದು ಇರುವ ಬಿ-1 ವೀಸಾದಲ್ಲಿ ನೌಕರರನ್ನು ಕಳಿಸಿ ಎಚ್‌-1ಬಿಯ ಕೆಲಸ ಮಾಡಿಸಿತು ಎಂಬುದು ಸರ್ಕಾರದ ಆರೋಪ, ಜೊತೆಗೆ ನೌಕರರ ಅರ್ಹತೆ ದಾಖಲಿಸುವ ಐ-9 ನಮೂನೆಗಳ ಲೋಪ. ವ್ಯವಸ್ಥಿತ ವಂಚನೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ. ಆ ಪ್ರಕರಣದ ನಂತರ ಪ್ರಯಾಣಕ್ಕೆ ಮೊದಲು ‘ಅಲ್ಲಿ ಹೋಗಿ ಏನು ಮಾಡುತ್ತೀಯ’ ಎಂಬ ಪ್ರಶ್ನೆಯನ್ನು ಕಾನ್ಸುಲೇಟಿಗೂ ಮುಂಚೆ ಕಂಪನಿಯ ಕಂಪ್ಲಯನ್ಸ್‌ ವಿಭಾಗವೇ ಕೇಳುವುದು ರೂಢಿಯಾಯಿತು.

ಹಾಗೆಂದು ತನಿಖೆ ನಿಂತ ನೀರಾಗಿಲ್ಲ. ವಲಸೆ ಇಲಾಖೆಯ ಅಧಿಕಾರಿಗಳು 2009ರಿಂದಲೂ ಹೇಳದೆ ಕೇಳದೆ ಕಚೇರಿಗಳಿಗೆ ಬಂದು ಈ ಹೆಸರಿನವರು ಇಲ್ಲಿ ಈ ಕೆಲಸ ಮಾಡುತ್ತಾರೆಯೇ ಎಂದು ವಿಚಾರಿಸುತ್ತಿದ್ದಾರೆ. 2025ರ ಜನವರಿ 17ರಿಂದ ಜಾರಿಯಾದ ನಿಯಮ ಈ ಭೇಟಿಗಳನ್ನು ಲಿಖಿತವಾಗಿ ಸೇರಿಸಿತು. ಕ್ಲೈಂಟಿನ ಕಚೇರಿಗೂ ಅವರು ಬರಬಹುದು, ಸಹಕರಿಸದಿದ್ದರೆ ಅರ್ಜಿಯೇ ತಿರಸ್ಕಾರವಾಗಬಹುದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ಮಿಕ ಇಲಾಖೆ ‘ಪ್ರಾಜೆಕ್ಟ್‌ ಫೈರ್‌ವಾಲ್‌’ ಎಂಬ ಅಭಿಯಾನ ಪ್ರಕಟಿಸಿತು. ಯಾರ ದೂರೂ ಇಲ್ಲದಿದ್ದರೂ ಕಾರ್ಮಿಕ ಕಾರ್ಯದರ್ಶಿಯೇ ಪ್ರಮಾಣೀಕರಿಸಿ ತನಿಖೆ ಆರಂಭಿಸುವ ಅಧಿಕಾರ ಕಾನೂನಿನಲ್ಲಿ ಹಿಂದಿನಿಂದಲೂ ಇತ್ತು. ಅದನ್ನು ಧೂಳು ಕೊಡವಿ ಹೊರತೆಗೆದರು. ತಪ್ಪು ಸಾಬೀತಾದರೆ ಬಾಕಿ ವೇತನ, ದಂಡ, ಅದಕ್ಕಿಂತ ಹೆಚ್ಚಾಗಿ ಒಂದರಿಂದ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೊಸ ಅರ್ಜಿಗಳಿಗೆ ನಿಷೇಧ. ಸೇವಾ ಕಂಪನಿಯೊಂದಕ್ಕೆ ದಂಡ ತೆರುವುದು ಒಂದು ತಿಂಗಳ ನೋವು. ನಿಷೇಧ ಬಿದ್ದರೆ ವ್ಯವಹಾರವೇ ಮುಚ್ಚಬೇಕಾದೀತು.

ಆದರೆ ಆ ಅಭಿಯಾನ ಪ್ರಕಟವಾದ ದಿನವೇ, 2025ರ ಸೆಪ್ಟೆಂಬರ್‌ 19ರ ಶುಕ್ರವಾರ, ಬಂದ ಇನ್ನೊಂದು ಸುದ್ದಿ ಇದನ್ನೆಲ್ಲ ಮುಳುಗಿಸಿಬಿಟ್ಟಿತು. ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್‌ ಎಂದು ಅಧ್ಯಕ್ಷರ ಘೋಷಣೆ ಹೇಳಿತು. ಅಂದಿನ ವಿನಿಮಯ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಭಾನುವಾರ ನಡುರಾತ್ರಿಯಿಂದಲೇ ಜಾರಿ ಎಂದಾಗ, ರಜೆಗೆಂದು ಊರಿಗೆ ಬಂದಿದ್ದವರಿಗೆ ಕೂಡಲೆ ಮರಳುವಂತೆ ಕಂಪನಿಗಳಿಂದ ಸಂದೇಶಗಳು ಹರಿದವು. ಈ ಮೊತ್ತ ಒಂದೇ ಸಲದ್ದು, ಈಗಾಗಲೇ ವೀಸಾ ಇರುವವರಿಗೆ ಅಲ್ಲ ಎಂಬ ಸ್ಪಷ್ಟನೆ ಬಂದದ್ದು ಮರುದಿನ. ಅಲ್ಲೇ ಓದುತ್ತಿರುವ ವಿದ್ಯಾರ್ಥಿ ಅಮೆರಿಕದೊಳಗೇ ಸ್ಟೇಟಸ್‌ ಬದಲಿಸಿಕೊಂಡರೆ ಇದು ಅನ್ವಯಿಸುವುದಿಲ್ಲವೆಂದು ಗೊತ್ತಾಗಲು ಅಕ್ಟೋಬರ್‌ 20 ಬರಬೇಕಾಯಿತು. ಅಮೆರಿಕದ ವಾಣಿಜ್ಯ ಮಂಡಳಿ ನ್ಯಾಯಾಲಯಕ್ಕೆ ಹೋಯಿತು. ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯ ಡಿಸೆಂಬರ್‌ನಲ್ಲಿ ಘೋಷಣೆಯನ್ನು ಎತ್ತಿಹಿಡಿಯಿತು.

ಮೊತ್ತದ ಗಾತ್ರಕ್ಕಿಂತ ಅದರ ಸ್ವಭಾವದ ಬಗ್ಗೆ ನನ್ನ ಆಕ್ಷೇಪ. ಲಕ್ಷ ಡಾಲರ್‌ ಕೊಟ್ಟ ಕಂಪನಿ ಸಂಬಳ ಸರಿಯಾಗಿ ಕೊಡುತ್ತದೆಯೇ, ಬೆಂಚಿನಲ್ಲಿ ಕೂರಿಸುತ್ತದೆಯೇ, ಬರೆದ ವಿಳಾಸದಲ್ಲೇ ಕೆಲಸ ಮಾಡಿಸುತ್ತದೆಯೇ ಎಂಬ ಯಾವ ಪ್ರಶ್ನೆಗೂ ಆ ಹಣದಲ್ಲಿ ಉತ್ತರವಿಲ್ಲ. ಅಷ್ಟು ಹೂಡಿದ ಉದ್ಯೋಗದಾತ ನೌಕರನ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸುವ ಸಂಭವವೇ ಹೆಚ್ಚು. ಅಮೆರಿಕದಲ್ಲಿ ಸಾಲ ಮಾಡಿ ಎಂಎಸ್‌ ಓದಿದವನಿಗೆ ದಾರಿ ಉಳಿಯಿತು, ಬೆಂಗಳೂರಿನಿಂದ ನೇರವಾಗಿ ಹೊರಡಬೇಕಾಗಿದ್ದವನಿಗೆ ಬಾಗಿಲು ಮುಚ್ಚಿತು. ಇವರಿಬ್ಬರ ಕೌಶಲದಲ್ಲಿ ವ್ಯತ್ಯಾಸವಿದೆಯೆಂದು ಯಾರೂ ಹೇಳಿಲ್ಲ. ಇದರ ಮೇಲೆ 2025ರ ಡಿಸೆಂಬರ್‌ 15ರಿಂದ ಎಚ್‌-1ಬಿ ಮತ್ತು (ಅವರ ಕುಟುಂಬದವರಿಗಿರುವ) ಎಚ್‌-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆ ಶುರುವಾಗಿ, ಭಾರತದಲ್ಲಿ ಸ್ಟಾಂಪಿಂಗ್‌ಗೆ ಬಂದವರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್‌ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಸೇವೆಯಿಲ್ಲದೆಯೇ ಆರಂಭವಾದ್ದರಿಂದ, ನಮ್ಮವರ ಚೆನ್ನೈ, ಹೈದರಾಬಾದ್‌ ಪ್ರಯಾಣ ಅದರಿಂದ ತಪ್ಪಲಿಲ್ಲ.

ಕೆಲಸವೇ ಇತ್ತ ಬರುತ್ತಿದೆಯಲ್ಲ, ವೀಸಾ ಯಾಕೆ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಗೆಂದೇ ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ನೀತಿ ಪ್ರಕಟಿಸಿ, 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಒಬ್ಬನನ್ನು ಕರೆಸಿಕೊಳ್ಳಲು ಲಕ್ಷ ಡಾಲರ್‌ ಕೊಡುವ ಬದಲು ಅದೇ ತಂಡವನ್ನು ಹೊರವರ್ತುಲ ರಸ್ತೆಯಲ್ಲಿ ಕಟ್ಟುವುದು ಯಾವ ಲೆಕ್ಕಿಗನಿಗಾದರೂ ಹೊಳೆಯುವ ದಾರಿ. ಆದರೆ ಕ್ಲೈಂಟಿನ ಎದುರು ಕುಳಿತು ಮಾಡಬೇಕಾದ ಕೆಲಸ ಇರುವವರೆಗೆ ಆನ್‌ಸೈಟಿಗೆ ಜನ ಹೋಗುತ್ತಲೇ ಇರುತ್ತಾರೆ.

ಹೋಗುವವರಿಗೆ ಹೇಳಬೇಕಾದ ಒಂದು ಸಣ್ಣ ವಿಷಯವಿದೆ. ಕೆಲಸಕ್ಕೆ ಹಾಜರಾಗುವ ದಿನದೊಳಗೆ ದೃಢೀಕೃತ ಎಲ್‌ಸಿಎಯ ಒಂದು ಪ್ರತಿಯನ್ನು ಉದ್ಯೋಗದಾತ ನೌಕರನ ಕೈಗೆ ಕೊಡಲೇಬೇಕು. ಅದನ್ನು ಕೇಳಿ ಪಡೆದು ಸಂಬಳದ ಅಂಕಿ, ವೇತನದ ಹಂತ, ಕೆಲಸದ ವಿಳಾಸ ಈ ಮೂರು ಸಾಲುಗಳನ್ನು ಆಫರ್‌ ಲೆಟರಿನೊಡನೆ ಹೋಲಿಸಿ ನೋಡಿ, ಪ್ರತಿ ತಿಂಗಳ ಪೇ ಸ್ಲಿಪ್ಪನ್ನು ಕಂಪನಿಯ ಪೋರ್ಟಲಿನಿಂದ ಇಳಿಸಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಕೆಲಸದಿಂದ ತೆಗೆದ ದಿನ ಮೊದಲು ಮುಚ್ಚುವುದು ಆ ಪೋರ್ಟಲಿನ ಲಾಗಿನ್ನನ್ನೇ. ತೆಗೆದರೆಂದಮಾತ್ರಕ್ಕೆ ಉದ್ಯೋಗದಾತನ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ. ನೌಕರನಿಗೆ ತಿಳಿಸಿ, ವಲಸೆ ಇಲಾಖೆಗೆ ಬರೆದು, ಊರಿಗೆ ಮರಳುವ ಪ್ರಯಾಣದ ಖರ್ಚನ್ನು ಕೊಡುತ್ತೇನೆಂದು ಹೇಳುವವರೆಗೆ ಸಂಬಳದ ಬಾಧ್ಯತೆ ಮುಂದುವರಿಯಬಹುದು. ಆಗ ಬಾಕಿ ವೇತನದ ಲೆಕ್ಕ ಕೇಳಲು ಕೈಯಲ್ಲಿರುವ ಕಾಗದ ಆ ಎಲ್‌ಸಿಎ ಪ್ರತಿ, ಮತ್ತು ದೂರಿನ ಗಡುವು 12 ತಿಂಗಳು.